ಮಣ್ಣೊಳಗಿನ ಕಪ್ಪೆಯ ನೆಂಟ

ಜೂನ್ ತಿಂಗಳ ಮೊದಲ ಜೋರು ಮಳೆ ಬಿದ್ದು ನಾಲ್ಕೈದು ದಿನ ಆಗಿರುತ್ತದೆ. ಅಡಿಕೆ ತೋಟದ ಬಸಿಗಾಲುವೆಯ ಹೂಳು ತೆಗೆಯುವಾಗಲೋ, ಗೊಬ್ಬರದ ಗುಂಡಿ ಕೆರೆಯುವಾಗಲೋ ಗುದ್ದಲಿಗೆ ಏನೋ ನುಣ್ಣಗಿನದು ಸಿಗುತ್ತದೆ. ಒಂದು ಗೇಣಿನ ಆಸುಪಾಸು ಉದ್ದ. ನೇರಳೆ ಬೆರೆತ ಕಂದು ಬಣ್ಣ, ಎಣ್ಣೆ ಹಚ್ಚಿದ ಹಾಗೆ ಹೊಳಪು, ಎರಡೂ ಪಕ್ಕಕ್ಕೆ ಅರಿಶಿನದ ಗೆರೆ. "ಹಾವು" ಅಂತ ಒಬ್ಬರು. "ಅಲ್ಲ ಮಾರಾಯ, ದೊಡ್ಡ ಎರೆಹುಳು" ಅಂತ ಇನ್ನೊಬ್ಬರು. ವಾದ ಮುಗಿಯುವ ಮೊದಲೇ ಗುದ್ದಲಿಯ ಏಟು ಬಿದ್ದಿರುತ್ತದೆ.

ಇಬ್ಬರೂ ತಪ್ಪು. ಸತ್ತದ್ದು ಕಪ್ಪೆಯ ನೆಂಟ. ನೀರಲ್ಲೂ ನೆಲದಲ್ಲೂ ಬದುಕುವ ಉಭಯವಾಸಿಗಳಲ್ಲಿ ಮೂರು ಬಳಗಗಳಿವೆ. ಕಪ್ಪೆಗಳದ್ದು ಒಂದು, ಬಾಲವಿರುವ ಸಲಮಾಂಡರ್‌ಗಳದ್ದು ಇನ್ನೊಂದು. ಮೂರನೆಯದೇ ಈ ಕಾಲಿಲ್ಲದವರದ್ದು. ವಿಜ್ಞಾನದವರು ಇವನ್ನು ಸಿಸಿಲಿಯನ್ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ 'ಕುರುಡ' ಎಂಬ ಅರ್ಥದ ಪದದಿಂದ ಬಂದ ಹೆಸರು. ಜಗತ್ತಿನಲ್ಲಿ ಈವರೆಗೆ ಗುರುತಿಸಿರುವುದು 200ಕ್ಕೂ ಹೆಚ್ಚು ಬಗೆ. ಭಾರತದಲ್ಲಿ ಸುಮಾರು 40, ಅದರಲ್ಲಿ ಹೆಚ್ಚಿನವು ನಮ್ಮ ಪಶ್ಚಿಮ ಘಟ್ಟದಲ್ಲೇ ಇವೆ. ಮೇಲೆ ಹೇಳಿದ ಅರಿಶಿನ ಗೆರೆಯದು ಇಕ್ಥಿಯೋಫಿಸ್ ಬಳಗದ್ದು. ಆ ಹೆಸರೂ ತಮಾಷೆಯದು. ಗ್ರೀಕ್‌ನಲ್ಲಿ 'ಮೀನುಹಾವು' ಅಂತ ಅರ್ಥ. ಕಪ್ಪೆಯ ಸುದ್ದಿಯೇ ಇಲ್ಲ!

ಆದ್ದರಿಂದ ತೋಟದಲ್ಲಿ ಗುದ್ದಲಿ ಹಿಡಿದವರನ್ನು ಬೈಯುವ ಹಾಗಿಲ್ಲ. ಜೀವಿಗಳಿಗೆಲ್ಲ ಹೆಸರು ಕೊಟ್ಟು ಜೋಡಿಸಿಟ್ಟ ಲಿನ್ನೇಯಸ್ ಕೂಡ 1758ರಲ್ಲಿ ಇದನ್ನು ಹಾವುಗಳ ಸಾಲಿಗೇ ಸೇರಿಸಿದ್ದ.

ಗುರುತಿಸುವುದು ಮಾತ್ರ ಕಷ್ಟವಲ್ಲ. ಹಾವಿನ ಮೈ ಒಣಗಿರುತ್ತದೆ, ಹೊರಗೇ ಹುರುಪೆ ಕಾಣುತ್ತದೆ, ಸೀಳುನಾಲಿಗೆ ಆಗಾಗ ಹೊರಗೆ ಬರುತ್ತದೆ. ಸಿಸಿಲಿಯನ್ನಿನ ಮೈ ಕಪ್ಪೆಯ ಹಾಗೆ ಒದ್ದೆ, ಲೋಳೆ ಲೋಳೆ. ಮೈ ಉದ್ದಕ್ಕೂ ಬಳೆ ತೊಡಿಸಿದ ಹಾಗೆ ಉಂಗುರಗಳು. ಬಳೆ ನೋಡಿ ಎರೆಹುಳು ಅಂದುಕೊಳ್ಳುವುದು ಸಹಜ. ಆದರೆ ಎರೆಹುಳುವಿಗೆ ದವಡೆ ಇಲ್ಲ, ಹಲ್ಲಿಲ್ಲ, ಬೆನ್ನುಮೂಳೆಯೂ ಇಲ್ಲ. ಇದಕ್ಕೆ ಮೂರೂ ಇವೆ. ಬಾಲ ಮಾತ್ರ ಇಲ್ಲವೆನ್ನುವಷ್ಟು ಚಿಕ್ಕದು. ಹಾಗಾಗಿ ತಲೆ ಯಾವ ಕಡೆ, ಬುಡ ಯಾವ ಕಡೆ ಅಂತ ಒಂದು ಕ್ಷಣ ಗೊಂದಲ ಆಗುತ್ತದೆ. ಎಲ್ಲ ಬಗೆಗಳಲ್ಲಿ ಅಲ್ಲದಿದ್ದರೂ ಹಲವುಗಳಲ್ಲಿ ಈ ಉಂಗುರಗಳ ಮಡಿಕೆಯೊಳಗೆ ಸಣ್ಣ ಸಣ್ಣ ಹುರುಪೆಗಳು ಅಡಗಿರುತ್ತವೆ. ಕಪ್ಪೆಗೂ ಸಲಮಾಂಡರ್‌ಗೂ ಅವಿಲ್ಲ.

ಈ ಪ್ರಾಣಿಯ ಬಗ್ಗೆ ಓದುವಾಗ 'ವಿಚಿತ್ರ' ಎಂಬ ಮಾತು ಸಾಲು ಸಾಲಿಗೂ ಸಿಗುತ್ತದೆ. ನನಗೆ ಆ ಮಾತು ಅಷ್ಟು ಹಿಡಿಸುವುದಿಲ್ಲ. ಒಂದೇ ಪ್ರಶ್ನೆ ಕೇಳಿಕೊಂಡರೆ ಹೆಚ್ಚಿನ ವಿಚಿತ್ರಗಳೆಲ್ಲ ಸರಾಗವಾಗಿ ಬಿಡಿಸಿಕೊಳ್ಳುತ್ತವೆ. ಒದ್ದೆ ಮಣ್ಣಿನ ಒಳಗೇ ಹುಟ್ಟಿ, ಉಂಡು, ಸಂಸಾರ ಮಾಡಿ ಸಾಯಬೇಕು ಅಂದರೆ ಮೈ ಹೇಗಿರಬೇಕು?

ಮೊದಲು ಓಡಾಟ. ಹುತ್ತದಲ್ಲಿ ವಾಸಿಸುವುದೇ ಬೇರೆ, ಮಣ್ಣನ್ನು ಬಗೆದುಕೊಂಡು ಹೋಗುವುದೇ ಬೇರೆ. ಕಾಲಿದ್ದರೆ ಬಿಲ ಅಗಲ ಆಗಬೇಕು, ಅಗಲ ಆದಷ್ಟೂ ಶ್ರಮ ಜಾಸ್ತಿ. ಸಣಕಲು ಬಿಲಕ್ಕೆ ಸಣಕಲು ಮೈಯೇ ವಾಸಿ. ಆದರೆ ಸಣಕಲು ಮೈಗೆ ಮಣ್ಣನ್ನು ತಳ್ಳುವ ಬಲ ಎಲ್ಲಿಂದ ಬರಬೇಕು?

ಲಂಗಕ್ಕೆ ಲಾಡಿ ಪೋಣಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಲಾಡಿಯ ತುದಿಗೆ ಪಿನ್ನು ಚುಚ್ಚಿ ಬಟ್ಟೆಯ ಮಡಿಕೆಯೊಳಗೆ ತೂರಿಸುತ್ತೇವೆ. ಪಿನ್ನನ್ನು ಒಂದಿಷ್ಟು ಮುಂದೆ ನೂಕುತ್ತೇವೆ. ಆಗ ಬಟ್ಟೆ ಅದರ ಮೇಲೆ ನೆರಿಗೆ ಕಟ್ಟುತ್ತದೆ. ಆಮೇಲೆ ಪಿನ್ನನ್ನು ಹಿಡಿದುಕೊಂಡು ನೆರಿಗೆಯನ್ನು ಹಿಂದಕ್ಕೆ ಎಳೆದು ಬಿಡಿಸುತ್ತೇವೆ. ಮತ್ತೆ ನೂಕು, ಮತ್ತೆ ಎಳೆ. ಇಲ್ಲಿ ಮುಖ್ಯವಾದ್ದು ಏನೆಂದರೆ ಲಾಡಿಗೂ ಬಟ್ಟೆಗೂ ಅಂಟಿಲ್ಲ. ಒಂದು ನಿಂತಿರುವಾಗ ಇನ್ನೊಂದು ಸರಿಯಬಹುದು.

ಸಿಸಿಲಿಯನ್ನಿನ ಬೆನ್ನುಮೂಳೆಗೂ ಹೊರಗಿನ ಚರ್ಮಕ್ಕೂ ಇರುವುದು ಹೆಚ್ಚುಕಡಿಮೆ ಇದೇ ನಂಟು. ಹೆಚ್ಚಿನ ಹಾವುಗಳಲ್ಲಿ ಹಾಗಲ್ಲ. ಅವುಗಳಿಗೆ ಬಿಲದಲ್ಲಿ ಹಿಡಿತ ಸಿಗಬೇಕಾದರೆ ಇಡೀ ಮೈಯನ್ನೇ ಬಾಗಿಸಬೇಕು. ಸಿಸಿಲಿಯನ್ನಿನ ಚರ್ಮ ಬಿಲದ ಗೋಡೆಗೆ ಒತ್ತಿಕೊಂಡು ಗಟ್ಟಿಯಾಗಿ ನಿಲ್ಲುತ್ತದೆ. ಒಳಗಡೆ ಬೆನ್ನುಮೂಳೆ ಅಂಕುಡೊಂಕಾಗಿ ಮಡಿಚಿಕೊಂಡಿರುತ್ತದೆ. ಅದು ನೆಟ್ಟಗಾಗುತ್ತಿದ್ದಂತೆ ತಲೆ ಮುಂದಕ್ಕೆ ಚಿಮ್ಮುತ್ತದೆ. ಆಮೇಲೆ ಚರ್ಮ ನಿಧಾನಕ್ಕೆ ಹಿಂಬಾಲಿಸುತ್ತದೆ.

ಇದರ ಜೊತೆಗೆ ಇನ್ನೊಂದು ಉಪಾಯವೂ ಇದೆ. ಚಕ್ಕುಲಿ ಒರಳನ್ನು ನೆನಪು ಮಾಡಿಕೊಳ್ಳಿ. ಒತ್ತಿದರೆ ಹಿಟ್ಟು ಬೇರೆ ದಾರಿ ಇಲ್ಲದೆ ತೂತಿನ ಕಡೆಗೆ ಬರಲೇಬೇಕು. ಸಿಸಿಲಿಯನ್ನಿನ ಮೈಸುತ್ತ ನಾರುಗಳು ಎರಡು ಕಡೆಯಿಂದ ಓರೆಯಾಗಿ, ಒಂದರ ಮೇಲೊಂದು ಹಾದು ಸುತ್ತಿಕೊಂಡಿರುತ್ತವೆ. ಸ್ನಾಯುಗಳು ಬಿಗಿಯಾದರೆ ಮೈ ತೆಳ್ಳಗಾಗುತ್ತದೆ, ಒಳಗಿನ ದ್ರವದ ಒತ್ತಡ ಏರುತ್ತದೆ, ಮೈ ಉದ್ದವಾಗಿ ತಲೆಬುರುಡೆ ಮಣ್ಣಿಗೆ ನುಗ್ಗುತ್ತದೆ. ಕಾಲಿಲ್ಲದ ಬೆನ್ನುಮೂಳೆಯ ಪ್ರಾಣಿಯೊಂದು ಎರೆಹುಳುವಿನ ಉಪಾಯವನ್ನು ತನ್ನದಾಗಿಸಿಕೊಂಡಿದೆ ಎಂದು ವಿಜ್ಞಾನಿಗಳು 1997ರಲ್ಲಿ ತೋರಿಸಿದರು. ಅವರು ನೋಡಿದ್ದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಡರ್ಮೊಫಿಸ್ ಎಂಬ ಬಗೆಯನ್ನು. ಹೀಗೆ ನುಗ್ಗಬೇಕಾದರೆ ತಲೆ ಗಟ್ಟಿ ಇರಬೇಕಲ್ಲ? ಕಪ್ಪೆಯ ತಲೆಬುರುಡೆ ನೋಡಿದರೆ ಬಿದಿರಿನ ಬುಟ್ಟಿಯ ಹಾಗೆ, ಎಲ್ಲೆಲ್ಲೂ ತೆರವು. ಇದರದ್ದು ಮೂಳೆಗಳು ಬೆಸೆದುಕೊಂಡು ಆದ ಗಟ್ಟಿ ಗುಂಡು.

ಈಗ ದವಡೆ. ತಲೆ ಸಣ್ಣಗಿರಬೇಕು ಅಂದರೆ ಕೆನ್ನೆಯಲ್ಲಿ ದಪ್ಪ ಸ್ನಾಯು ಇಡಲು ಜಾಗವಿಲ್ಲ. ಎರೆಹುಳುವನ್ನು ಕಚ್ಚಿ ಹಿಡಿಯಲು ಬಲ ಬೇಕೇ ಬೇಕು. ಅದಕ್ಕೆ ಇವುಗಳ ಕೆಳದವಡೆ ಕೀಲು ದಾಟಿ ಹಿಂದಕ್ಕೂ ಚಾಚಿಕೊಂಡಿದೆ. ಆ ಹಿಂದಿನ ತುದಿಯನ್ನು ಕತ್ತಿನ ಅಡಿಯ ಸ್ನಾಯುವೊಂದು ಕೆಳಕ್ಕೆ ಎಳೆಯುತ್ತದೆ. ಹಿಂದೆ ಎಳೆದರೆ ಮುಂದಿನ ತುದಿ ಮೇಲಕ್ಕೆ ಬರುತ್ತದೆ, ಬಾಯಿ ಬಿಗಿಯುತ್ತದೆ. ಹಳೆಯ ಕಾಲದ ಏತ ಇತ್ತಲ್ಲ, ಅದೇ ಲೆಕ್ಕ. ಕೆನ್ನೆಯ ಸ್ನಾಯುವೂ ಕೆಲಸ ಮಾಡುತ್ತದೆ, ಕತ್ತಿನದೂ ಮಾಡುತ್ತದೆ. ಬಾಯಿಗೆ ಸಿಕ್ಕಿದ ಹುಳು ತುಂಬ ಉದ್ದವಾದರೆ ಬಿಲದೊಳಗೇ ಮೈಯನ್ನು ಗಿರಗಿರ ತಿರುಗಿಸಿ ತುಂಡು ಮಾಡಿಕೊಳ್ಳುತ್ತದೆ. ಮೊಸಳೆ ನೀರಿನಲ್ಲಿ ಮಾಡುವ ಹಾಗೆ. ಎರೆಹುಳು, ಗೆದ್ದಲು, ಇರುವೆ, ಹುಳುಗಳ ಮರಿ ಇವೇ ಊಟ.

ಕಣ್ಣಿನ ಕಥೆ ನನಗೆ ಬಹಳ ಇಷ್ಟ. ಕತ್ತಲಲ್ಲಿ ಕಣ್ಣು ಯಾಕೆ ಬೇಕು? ಇಕ್ಥಿಯೋಫಿಸ್‌ಗೆ ಕಪ್ಪು ಚುಕ್ಕಿಯಂಥ ಕಣ್ಣು ಹೊರಗೆ ಕಾಣುತ್ತದೆ. ಬೆಳಕು ಇದೆಯೋ ಇಲ್ಲವೋ ಎಂಬಷ್ಟು ತಿಳಿದರೆ ಅದಕ್ಕೆ ಸಾಕು. ಗೆಗೆನಿಯೋಫಿಸ್ ಎಂಬ ಇನ್ನೊಂದು ಬಳಗ ಪಶ್ಚಿಮ ಘಟ್ಟದಲ್ಲಿದೆ. ಅವು ತಿಳಿ ಕಂದು ಅಥವಾ ಗುಲಾಬಿ ಬಣ್ಣದ ಸಣ್ಣ ಪ್ರಾಣಿಗಳು. ಅವುಗಳ ಕಣ್ಣು ಮೂಳೆಯ ಅಡಿಗೇ ಹೋಗಿಬಿಟ್ಟಿದೆ. ಹಾಗಂತ ಕಣ್ಣಿನ ಸಾಮಾನೆಲ್ಲ ವ್ಯರ್ಥವಾಗಿಲ್ಲ. ಕಣ್ಣಿಗೂ ಮೂಗಿಗೂ ನಡುವೆ ಒಂದು ಸಣ್ಣ ತೂತಿದೆ. ಅದರಿಂದ ಒಂದು ಮೀಸೆಯಂಥ ಸ್ಪರ್ಶಾಂಗ ಹೊರಗೆ ಬಂದು ಒಳಗೆ ಹೋಗುತ್ತಿರುತ್ತದೆ. ಬೇರೆ ಪ್ರಾಣಿಗಳಲ್ಲಿ ಕಣ್ಣುಗುಡ್ಡೆಯನ್ನು ಒಳಕ್ಕೆ ಎಳೆಯುವ ಸ್ನಾಯು ಇಲ್ಲಿ ಈ ಮೀಸೆಯನ್ನು ಎಳೆಯುತ್ತದೆ. ಕಣ್ಣನ್ನು ಒದ್ದೆ ಇಡಬೇಕಿದ್ದ ಗ್ರಂಥಿ ಇಲ್ಲಿ ಮೀಸೆಯನ್ನು ಒದ್ದೆ ಇಡುತ್ತದೆ. ಮಣ್ಣಿನ ವಾಸನೆಯ ಕಣಗಳು ಅದರ ಮೂಲಕ ಒಳಗಿನ ವಾಸನೆಯ ಅಂಗಕ್ಕೆ ಮುಟ್ಟುತ್ತವೆ. ಹಳೆ ಮನೆ ಬಿಚ್ಚಿದವರು ಬಾಗಿಲ ಮರದಲ್ಲಿ ಮಂಚ ಮಾಡಿಸಿಕೊಳ್ಳುವುದಿಲ್ಲವೇ, ಹಾಗೆ. ಆಫ್ರಿಕದ ಒಂದು ಬಳಗದಲ್ಲಂತೂ ಕಣ್ಣು ಮೀಸೆಗೇ ಅಂಟಿಕೊಂಡಿದೆ. ಮೀಸೆ ಚಾಚಿದರೆ ಕಣ್ಣೂ ಜೊತೆಗೆ ಹೊರಗೆ ಬರುತ್ತದೆ! ಇಂಥ ಅಂಗ ಬೇರೆ ಯಾವ ಬೆನ್ನುಮೂಳೆಯ ಪ್ರಾಣಿಗೂ ಇಲ್ಲ.

ಇದೆಲ್ಲ ಒಂದೇ ದಿನ ಆದದ್ದಲ್ಲ. ಅಮೆರಿಕದ ಅರಿಜೋನಾದಲ್ಲಿ ಸಿಕ್ಕಿದ ಇಯೊಸಿಸಿಲಿಯಾ ಎಂಬ ಪಳೆಯುಳಿಕೆಯನ್ನು 1993ರಲ್ಲಿ ವಿವರಿಸಿದರು. ಡೈನೋಸಾರ್‌ಗಳ ಕಾಲದ ಆ ಪ್ರಾಣಿಗೆ ಪುಟ್ಟ ಪುಟ್ಟ ಕಾಲುಗಳಿದ್ದವು. 2023ರಲ್ಲಿ ಅದೇ ಅರಿಜೋನಾದಿಂದ ಇನ್ನೂ ಹಳೆಯದೊಂದು, ಸುಮಾರು 22 ಕೋಟಿ ವರ್ಷದ್ದು, ಬೆಳಕಿಗೆ ಬಂತು.

ಹಳೆಯ ಮನೆತನ ಅಂದಮೇಲೆ ನೆಂಟರು ದೂರ ದೂರ ಇರುವುದು ಸಹಜ. ನಮ್ಮ ಗೆಗೆನಿಯೋಫಿಸ್‌ನ ಹತ್ತಿರದ ಬಂಧುಗಳು ಇರುವುದು ಹಿಂದೂ ಮಹಾಸಾಗರದ ನಡುವೆ, ಸೆಶೆಲ್ಸ್ ದ್ವೀಪಗಳಲ್ಲಿ. ಉಪ್ಪುನೀರು ಇವುಗಳ ಚರ್ಮಕ್ಕೆ ವಿಷ, ಆದ್ದರಿಂದ ಈಜಿಕೊಂಡು ಹೋದವು ಅನ್ನಲಾಗದು. ಭಾರತ ಮತ್ತು ಸೆಶೆಲ್ಸ್ ಒಂದೇ ನೆಲವಾಗಿದ್ದ ಕಾಲದಲ್ಲೇ ಅವು ಅಲ್ಲಿದ್ದವು, ನೆಲ ಸೀಳಿದಾಗ ಕುಟುಂಬವೂ ಸೀಳಿತು. 2012ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಮತ್ತು ಜೊತೆಗಾರರು ಈಶಾನ್ಯ ಭಾರತದಲ್ಲಿ ಒಂದು ಹೊಸ ಕುಟುಂಬವನ್ನೇ ಗುರುತಿಸಿದರು. ಹೊಸ ಪ್ರಭೇದ ಅಲ್ಲ, ಇಡೀ ಕುಟುಂಬ. ಅದಕ್ಕೆ ಗಾರೊ ಭಾಷೆಯ ಮಾತಿನಿಂದಲೇ 'ಚಿಕಿಲಿಡೆ' ಎಂದು ಹೆಸರಿಟ್ಟರು. ಅವುಗಳ ಹತ್ತಿರದ ನೆಂಟರು ಆಫ್ರಿಕದಲ್ಲಿದ್ದಾರೆ.

ಮಣ್ಣಿನೊಳಗಿನ ಬದುಕಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಮರಿ ಸಾಕುವುದು. ಕಪ್ಪೆಗಳು ಹೆಚ್ಚಾಗಿ ನೀರಿನಲ್ಲಿ ನೂರಾರು ಮೊಟ್ಟೆ ಇಟ್ಟು ಹೋಗಿಬಿಡುತ್ತವೆ. ಬಿಲದಲ್ಲಿ ಆ ಧಾರಾಳ ನಡೆಯುವುದಿಲ್ಲ. ಮೊಟ್ಟೆ ಕೆಲವೇ, ಕಾವಲು ಗಟ್ಟಿ. ಮೊದಲಿಗೆ, ಕೂಡುವಿಕೆಯೇ ಬೇರೆ ತರ. ಹೆಚ್ಚಿನ ಕಪ್ಪೆಗಳಲ್ಲಿ ಮೊಟ್ಟೆ ಹೊರಗೆ ಬಿದ್ದ ಮೇಲೆ ಗಂಡು ಅದರ ಮೇಲೆ ವೀರ್ಯ ಬಿಡುತ್ತದೆ. ಸಿಸಿಲಿಯನ್‌ಗಳಲ್ಲಿ ಎಲ್ಲವೂ ಹೆಣ್ಣಿನ ಮೈಯೊಳಗೇ ಆಗುತ್ತದೆ.

ಇಕ್ಥಿಯೋಫಿಸ್ ತಾಯಿ ತೊರೆಯ ಪಕ್ಕದ ಒದ್ದೆ ಮಣ್ಣಿನಲ್ಲಿ ಗೂಡು ಮಾಡಿ ಮೊಟ್ಟೆ ಇಡುತ್ತದೆ. ಸಿಂಬಿಯ ಹಾಗೆ ಅವುಗಳ ಸುತ್ತ ಸುತ್ತಿಕೊಂಡು ಮಲಗುತ್ತದೆ. ಸ್ವಿಟ್ಜರ್ಲೆಂಡಿನ ಪೌಲ್ ಮತ್ತು ಫ್ರಿಟ್ಸ್ ಸರಸಿನ್ 1880ರ ದಶಕದಲ್ಲಿ ಸಿಲೋನಿನಲ್ಲಿ ಇದನ್ನು ಕಂಡು ವಿವರವಾಗಿ ಬರೆದಿಟ್ಟರು. ಮೊಟ್ಟೆ ಒಡೆದ ಮರಿಗಳು ನೀರಿಗೆ ಹೋಗುತ್ತವೆ. ಬಾಲದಲ್ಲಿ ಈಜುರೆಕ್ಕೆಯ ಪಟ್ಟಿ, ಕತ್ತಿನ ಪಕ್ಕ ಕಿವಿರಿನ ಸೀಳು, ನೀರಿನ ಅಲುಗಾಟ ತಿಳಿಯುವ ಅಂಗಗಳು, ಎಲ್ಲ ಇರುತ್ತವೆ. ದೊಡ್ಡದಾಗಿ ನೆಲಕ್ಕೆ ಬರುವಾಗ ಅವೆಲ್ಲ ಹೋಗಿ ಮೀಸೆ ಮೂಡುತ್ತದೆ. ಗೆಗೆನಿಯೋಫಿಸ್‌ನ ಹಲವು ಬಗೆಗಳಿಗೆ ಈ ನೀರಿನ ಹಂತವೇ ಬೇಡ. ಮೊಟ್ಟೆಯೊಳಗೇ ಎಲ್ಲ ಮುಗಿಸಿಕೊಂಡು, ಅಪ್ಪ ಅಮ್ಮನ ಚಿಕ್ಕ ರೂಪವಾಗಿ ಹೊರಗೆ ಬರುತ್ತವೆ.

ಕೆಲವು ಬಗೆಗಳು ಮರಿಯನ್ನೇ ಹಾಕುತ್ತವೆ. ಹೊಟ್ಟೆಯೊಳಗಿನ ಮರಿಗೆ ಆಗಲೇ ಹಲ್ಲು ಬಂದಿರುತ್ತದೆ, ತಾಯಿಯ ಅಂಡನಾಳದ ಒಳಪದರವನ್ನು ಕೆರೆದು ತಿಂದು ಬೆಳೆಯುತ್ತದೆ.

ಇನ್ನು ಮುಂದಿನದನ್ನು ಊಟ ಮಾಡುತ್ತಾ ಓದುವುದು ಬೇಡ. ಕೀನ್ಯಾದ ಟೈಟಾ ಬೆಟ್ಟಗಳಲ್ಲಿ ಬೌಲೆಂಜರುಲಾ ಎಂಬ ಸಿಸಿಲಿಯನ್ ಇದೆ. ಅದರ ಮರಿಗಳು ಮೊಟ್ಟೆಯಿಂದ ಹೊರಬಂದಾಗ ಇನ್ನೂ ಎಳಸು, ತಾವೇ ಬೇಟೆಯಾಡುವಷ್ಟು ಬಲವಿಲ್ಲ. ಅವು ತಿನ್ನುವುದು ತಾಯಿಯ ಚರ್ಮವನ್ನು. ವಿಜ್ಞಾನಿಗಳು ಇದನ್ನು 2006ರಲ್ಲಿ ಪ್ರಕಟಿಸಿದಾಗ ಹಲವರಿಗೆ ನಂಬುವುದೇ ಕಷ್ಟವಾಗಿತ್ತು. ಮರಿ ಇರುವಾಗ ತಾಯಿಯ ಹೊರಚರ್ಮ ಎರಡು ಪಟ್ಟು ದಪ್ಪವಾಗುತ್ತದೆ, ಕೊಬ್ಬು ತುಂಬಿಕೊಂಡು ಬಣ್ಣ ಬಿಳುಚುತ್ತದೆ. ಮರಿಗಳಿಗೆ ಅದಕ್ಕೆಂದೇ ಬೇರೆ ತರದ ಹಲ್ಲು. ಅವು ತಾಯಿಯ ಮೈಮೇಲೆಲ್ಲ ಹರಿದಾಡಿ ಮೇಲಿನ ಪದರವನ್ನು ಸುಲಿದು ತಿನ್ನುತ್ತವೆ. ತಾಯಿ ಸುಮ್ನೆ ಮಲಗಿರುತ್ತದೆ. ಗಾಯವೇನೂ ಆಗುವುದಿಲ್ಲ, ಚರ್ಮ ಮತ್ತೆ ಬೆಳೆಯುತ್ತದೆ. ಆದರೆ ತೂಕ ಇಳಿಯುತ್ತದೆ. ಆ ಚರ್ಮವೇ ಇಲ್ಲಿ ಅನ್ನದ ತಟ್ಟೆ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಬ್ರೆಜಿಲ್‌ನ ಬಹಿಯಾ ಪ್ರಾಂತ್ಯದ ಕೋಕೋ ತೋಟಗಳ ಮಣ್ಣಿನಲ್ಲಿ ಸೈಫೊನಾಪ್ಸ್ ಎಂಬ, ಕಡುನೀಲಿ ಮೈಗೆ ಬಿಳಿ ಬಳೆ ತೊಟ್ಟ ಚೆಲುವೆ ಇದ್ದಾಳೆ. ಅದರ ಮರಿಗಳೂ ಚರ್ಮ ತಿನ್ನುತ್ತವೆ. ಆದರೆ ಸಾವೊ ಪಾವ್ಲೊದ ಬುಟಾಂಟನ್ ಸಂಸ್ಥೆಯವರಿಗೆ ಲೆಕ್ಕ ಕೂಡುತ್ತಿರಲಿಲ್ಲ. ಚರ್ಮ ಸಿಗುವುದು ಕೆಲವು ದಿನಕ್ಕೊಮ್ಮೆ, ಅದೂ ಕೆಲವೇ ನಿಮಿಷ. ಮರಿಗಳೋ ಮೊದಲ ವಾರದಲ್ಲೇ ಎರಡು ಪಟ್ಟಿಗೂ ಮೀರಿ ತೂಗುತ್ತಿದ್ದವು. ಹಾಗಾದರೆ ಉಳಿದ ಊಟ ಎಲ್ಲಿಂದ? 16 ತಾಯಂದಿರನ್ನು ಮರಿಗಳ ಸಮೇತ ಇಟ್ಟುಕೊಂಡು 200 ಗಂಟೆಗೂ ಹೆಚ್ಚು ಹೊತ್ತು ಚಿತ್ರೀಕರಿಸಿದರು. ಮರಿಗಳು ತಾಯಿಯ ಹಿಂತುದಿಯ ಬಳಿ ಗುಂಪುಗೂಡಿ ತಿವಿಯುತ್ತಿದ್ದವು, ಚಿಕ್ ಚಿಕ್ ಎಂದು ಸದ್ದು ಮಾಡುತ್ತಿದ್ದವು. ಆಗ ತಾಯಿ ಹಿಂಭಾಗವನ್ನು ಎತ್ತಿ, ಗುದದ್ವಾರದಿಂದ ಗಟ್ಟಿ ದ್ರವವೊಂದನ್ನು ಬಿಡುತ್ತಿತ್ತು. ದಿನಕ್ಕೆ ಆರು ಸಲದವರೆಗೂ. ಪರೀಕ್ಷಿಸಿದರೆ ಅದರಲ್ಲಿ ಕೊಬ್ಬೂ ಸಕ್ಕರೆಯ ಅಂಶವೂ ಇತ್ತು. ಅಂಡನಾಳದ ಗ್ರಂಥಿಗಳು ಅದನ್ನು ತಯಾರಿಸುತ್ತವೆ. 2024ರ ಮಾರ್ಚ್‌ನಲ್ಲಿ ಪ್ರಕಟವಾದ ಆ ಸಂಶೋಧನೆ ಅದನ್ನು ನೇರವಾಗಿ 'ಹಾಲು' ಎಂದೇ ಕರೆಯಿತು.

ಕೆಚ್ಚಲಿಲ್ಲ, ಮೊಲೆಯಿಲ್ಲ, ಹಸುವಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಮರಿ ಕೂಗಿದರೆ ತಾಯಿ ಹಾಲು ತೊರೆಬಿಡುವುದು ಅಲ್ಲೂ ಇದೆ, ಅಲ್ವಾ?

ಮರಿ ಹಾಕುವ ಸಿಸಿಲಿಯನ್ ಏಷ್ಯಾದಲ್ಲೂ ಇದೆ ಎಂಬುದು ಗೊತ್ತಾದದ್ದು 2008ರಲ್ಲಿ, ಮಹಾರಾಷ್ಟ್ರದ ಒಂದು ಗೆಗೆನಿಯೋಫಿಸ್‌ನಿಂದ. ಅದರ ಹೆಸರು ಗೆಗೆನಿಯೋಫಿಸ್ ಶೇಷಾಚಾರಿ. ಈ ಶೇಷಾಚಾರ್ ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರು. ಬಿ.ಆರ್. ಶೇಷಾಚಾರ್ 1930 ಮತ್ತು 40ರ ದಶಕಗಳಲ್ಲಿ ಸಿಸಿಲಿಯನ್‌ಗಳ ವೀರ್ಯಾಣು ಹೇಗೆ ಬೆಳೆಯುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟುಕೊಂಡು ನೋಡಿದವರು. 1939ರಲ್ಲಿ ಕೇರಳದ ಒಂದು ಹೊಸ ಬಗೆಯನ್ನು ವಿವರಿಸಿ ಅದಕ್ಕೆ 'ನಾರಾಯಣಿ' ಎಂದು ತಮ್ಮ ಹಿರಿಯರಾದ ಸಿ.ಆರ್. ನಾರಾಯಣ ರಾವ್ ಅವರ ಹೆಸರಿಟ್ಟರು. ಅದೇ ಕಾಲೇಜಿನ ಎಲ್.ಎಸ್. ರಾಮಸ್ವಾಮಿ ಇವುಗಳ ತಲೆಬುರುಡೆಯ ಬಗ್ಗೆ ಕೆಲಸ ಮಾಡಿದರು, ಅವರ ಹೆಸರೂ ಇನ್ನೊಂದು ಗೆಗೆನಿಯೋಫಿಸ್‌ಗೆ ಇದೆ. ಒಂದು ಕಾಲದಲ್ಲಿ ಬೆಂಗಳೂರಿನ ಒಂದೇ ಕಾಲೇಜಿನಲ್ಲಿ ಈ ಮಣ್ಣಿನ ಪ್ರಾಣಿಗೆ ಇಷ್ಟು ಜನ ತಲೆಕೆಡಿಸಿಕೊಂಡಿದ್ದರು ಎನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಆ ಕೆಲಸ ಮುಗಿದಿಲ್ಲ. ದಕ್ಷಿಣ ಕನ್ನಡದ ಗುರುಪುರದಿಂದ ಗೆಗೆನಿಯೋಫಿಸ್ ಕೃಷ್ಣಿ ಗೊತ್ತಾದದ್ದು 1999ರಲ್ಲಿ. ಉಡುಪಿ ಜಿಲ್ಲೆಯ ಮುದೂರಿನಿಂದ ಇನ್ನೊಂದು 2004ರಲ್ಲಿ ಬಂತು. ಕೊಡಗಿನ ಹೆಸರನ್ನೇ ಹೊತ್ತ ಇಕ್ಥಿಯೋಫಿಸ್ ಕೊಡಗುಎನ್ಸಿಸ್ 2007ರದ್ದು. ಇಷ್ಟು ತಡವಾಗಲು ಕಾರಣ ಸರಳ. ಹಕ್ಕಿ ನೋಡಲು ದುರ್ಬೀನು ಸಾಕು, ಕಪ್ಪೆ ಹುಡುಕಲು ರಾತ್ರಿ ಟಾರ್ಚ್ ಹಿಡಿದು ಕೂಗು ಕೇಳಿದರೆ ಆಯಿತು. ಇದಕ್ಕೆ ಕಪ್ಪೆಯಂಥ ಕೂಗಿಲ್ಲ, ಹೆಜ್ಜೆಯಿಲ್ಲ. ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು ಅಗೆಯಬೇಕು. ದಿನವಿಡೀ ಅಗೆದರೂ ಒಂದೂ ಸಿಗದೆ ಬರುವುದೂ ಉಂಟು. 2004ರಲ್ಲಿ ಜಗತ್ತಿನ ಉಭಯವಾಸಿಗಳ ಸ್ಥಿತಿಗತಿ ಪಟ್ಟಿ ಮಾಡಿದಾಗ, ಸಿಸಿಲಿಯನ್‌ಗಳಲ್ಲಿ ಸುಮಾರು ಮೂರನೇ ಎರಡರಷ್ಟು ಬಗೆಗಳ ಮುಂದೆ 'ಮಾಹಿತಿ ಸಾಲದು' ಎಂದೇ ಬರೆಯಬೇಕಾಯಿತು.

ಹೀಗಾಗಿ ಇವುಗಳನ್ನು ಹೆಚ್ಚು ಸಲ ಕಂಡವರು ವಿಜ್ಞಾನಿಗಳಲ್ಲ, ತೋಟದಲ್ಲಿ ಕೆಲಸ ಮಾಡುವವರು. ಅವರಿಗೆ ಎರಡು ಮಾತು. ಇದರ ಚರ್ಮದಲ್ಲಿ ಲೋಳೆಯ ಜೊತೆ ವಿಷದ ಗ್ರಂಥಿಗಳೂ ಇವೆ. ಬ್ರೆಜಿಲ್‌ನ ಅದೇ ತಂಡ 2020ರಲ್ಲಿ ಹಲ್ಲಿನ ಬುಡದಲ್ಲೂ ವಿಷದಂಥ ದ್ರವದ ಗ್ರಂಥಿಗಳನ್ನು ಕಂಡಿತು. ಅವೆಲ್ಲ ಎರೆಹುಳುವಿಗೆ, ತಿನ್ನಲು ಬಂದ ಹಾವಿಗೆ. ಮನುಷ್ಯರು ಹೆದರಬೇಕಾದ್ದೇನೂ ಇಲ್ಲ. ಮುಟ್ಟಿದ ಕೈಯನ್ನು ಕಣ್ಣಿಗೆ ಉಜ್ಜಿಕೊಳ್ಳದೆ ತೊಳೆದರೆ ಸಾಕು. ಉಪ್ಪು ಮಾತ್ರ ಎರಚಬೇಡಿ, ಬಿಸಿಲಿಗೂ ಬಿಡಬೇಡಿ. ಚರ್ಮದಿಂದಲೂ ಉಸಿರಾಡುವ ಪ್ರಾಣಿ ಅದು, ಮೈ ಒಣಗಿದರೆ ಉಸಿರು ಕಟ್ಟಿದ ಹಾಗೆ.

ಗುದ್ದಲಿಯಲ್ಲೇ ಒಂದಿಷ್ಟು ಒದ್ದೆ ಮಣ್ಣಿನ ಸಮೇತ ಎತ್ತಿ, ನೆರಳಿರುವ ಕಡೆ, ಸಡಿಲ ಮಣ್ಣಿನ ಮೇಲೆ ಇಡಿ. ಒಂದು ನಿಮಿಷ ಅಲ್ಲೇ ಕೂತುಕೊಳ್ಳಿ. ಅದು ಮೂತಿಯಿಂದ ಮಣ್ಣನ್ನು ಅಲ್ಲಿ ಇಲ್ಲಿ ಮುಟ್ಟಿ ನೋಡುತ್ತದೆ. ಆಮೇಲೆ ತಲೆ ಒಳಗೆ ಹೋಗುತ್ತದೆ, ಕತ್ತಿನ ಚರ್ಮ ನೆರಿಗೆ ಕಟ್ಟುತ್ತದೆ, ನೆರಿಗೆ ಬಿಚ್ಚಿ ಹಿಂಬಾಲಿಸುತ್ತದೆ. ಮತ್ತೆ ನೂಕು, ಮತ್ತೆ ಎಳೆ. ಅರಿಶಿನದ ಗೆರೆ ಚಿಕ್ಕದಾಗುತ್ತಾ ಹೋಗಿ ಕೊನೆಗೆ ಬೆರಳು ತೂರುವಷ್ಟು ತೂತು ಉಳಿಯುತ್ತದೆ.